ಅಕ್ಕ ಉಂಡೈತೇನು?

ನಮ್ಮ ಮನೆಯಲ್ಲಿ ಒಬ್ಬರು ನಿಂತು ಉಣ್ಣುತ್ತಿದ್ದರು. ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಂಡ ರೊಟ್ಟಿಯನ್ನು, ಒಲೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಎಡಗೈಯಲ್ಲಿ ಗಂಗಾಳ ಹಿಡಿದು, ನಿಂತೇ ಉಣ್ಣುತ್ತಿದ್ದರು. ಮನೆಯಲ್ಲಿ ಮಣೆಗಳಿಗೆ ಬರವಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ತಲೆ ಎತ್ತಲಾಗುವುದಿಲ್ಲ.

ಮೊನ್ನೆ ಮಗ ನನ್ನನ್ನು ದವಾಖಾನೆಗೆ ಕರೆದೊಯ್ಯಲು ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ನಾನು ದೇವರ ಜಗುಲಿಯ ಮೇಲೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಚಪ್ಪಲಿ ಹುಡುಕಿ ಹೊರಗೆ ಬರುವವರೆಗೂ ಇಂಜಿನ್ ಗುರುಗುಟ್ಟುತ್ತಲೇ ಇತ್ತು.

"ಬಂದ್ ಮಾಡೋ. ಸುಮ್ನ ನಿಂತು ಎಣ್ಣಿ ಸುಡತೈತಿ" ಎಂದೆ.

"ಸುಡಲಿ ಬಿಡವಾ. ಎಸಿ ಹಾಕೇನಿ. ನೀ ಕುಂಡ್ರೂದ್ರಾಗ ಒಳಗ ತಂಪಾಗಲಿ" ಎಂದ.

ಕುಂತೆ. ಖರೇನೇ ತಂಪಾಗಿತ್ತು. ಈ ವಯಸ್ಸಿಗೆ ಶಿವ ಇಷ್ಟಾದರೂ ಸುಖ ಇಟ್ಟನಲ್ಲ ಎಂದು ಕೈ ಮುಗಿಯುವಷ್ಟರಲ್ಲಿ ಮೆಣಸಗಿ ಅಕ್ಕ ನೆನಪಾದರು. ಆಮೇಲೆ ಆ ತಂಪು ಮೈಗೆ ಹತ್ತಲಿಲ್ಲ.

ಅಕ್ಕ ಎಂದರೆ ನನ್ನ ಅಕ್ಕನಲ್ಲ. ನನ್ನ ಮಾವನವರ ಅಕ್ಕ. ಮನೆಯ ಯಜಮಾನರು ಅಕ್ಕ ಎನ್ನುತ್ತಿದ್ದರಿಂದ ಓಣಿಗೆಲ್ಲ ಅವರು ಅಕ್ಕನೇ ಆಗಿದ್ದರು. ಸೊಸೆಯಾಗಿ ಬಂದ ನಾನೂ ಹಾಗೇ ಕರೆದೆ, ಯಾರೂ ತಿದ್ದಲಿಲ್ಲ. ನನ್ನ ತವರು ನರಗುಂದ; ಗಜೇಂದ್ರಗಡದ ಆ ಮನೆಗೆ ನಾನು ಕಾಲಿಟ್ಟಾಗ ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುವ ಮಾತು ಎಲ್ಲರ ಬಾಯಲ್ಲಿತ್ತು. ಹೆಂಗಸರಿಗೆ ಆ ಮಾತಿನಿಂದ ಆಗುವುದೇನಿತ್ತು? ನನಗೆ ಬಂದ ದಿನವೇ ಎದುರಾದದ್ದು ರೊಟ್ಟಿ. ನಾನು ತಟ್ಟಿದ ಮೊದಲ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರುಕು. ನನ್ನ ಅತ್ತೆಯವರು ಅದನ್ನು ನೋಡಿ ಏನೂ ಅನ್ನಲಿಲ್ಲ. ಅನ್ನದಿರುವುದೇ ದೊಡ್ಡ ಬೈಗುಳವಾಗಿತ್ತು. ಅಕ್ಕ ಅದನ್ನು ಎತ್ತಿ ತಮ್ಮ ಗಂಗಾಳಕ್ಕೆ ಹಾಕಿಕೊಂಡು, "ನನಗಿರಲಿ ಬಿಡ್ರಿ ಇದು. ಇದನ್ನ ಉಂಡ್ರ ನಾಳಿನ ಹಸಿವೂ ಹೆದರಿ ಓಡತೈತಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಕರುಣೆ ಅದು, ಇಂದಿಗೂ ಮರೆತಿಲ್ಲ.

ಅವರ ಗಂಡನ ಮನೆ ಮೆಣಸಗಿ. ಮಕ್ಕಳಾಗಿರಲಿಲ್ಲ, ಗಂಡ ಬೇಗ ಹೋಗಿಬಿಟ್ಟಿದ್ದರು. ಆಮೇಲೆ ಒಂದು ಮಳೆಗಾಲ ಮಲಪ್ರಭೆ ಏರಿ ಬಂದು ಇದ್ದೊಂದು ಮಣ್ಣಿನ ಮನೆಯನ್ನೂ ಒಯ್ದಿತು. ಆ ಕಥೆಯನ್ನು ಅಕ್ಕ ಅಳುತ್ತ ಹೇಳಿದ್ದನ್ನು ನಾನು ಕೇಳಿಲ್ಲ. "ಹೊಳಿ ಬೀಗರಾಂಗ ಬಂತವಾ" ಎನ್ನುತ್ತಿದ್ದರು. "ಹೇಳಲಾರದ ಬಂತು, ಮನಿ ತುಂಬ ಕುಂತ್ತು, ಹೋಗುವಾಗ ಇದ್ದದ್ದೆಲ್ಲಾ ಗಂಟು ಕಟ್ಟಿಕೊಂಡು ಹೋತು." ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನೀರು ಇಳಿದ ಮೇಲೆ ಮಾವನವರು ತಾವೇ ಚಕ್ಕಡಿ ಹೂಡಿಕೊಂಡು ಹೋಗಿ ಅಕ್ಕನನ್ನು ಕರೆತಂದಿದ್ದರು. ತಾಯಿ ಬೇಗ ತೀರಿಕೊಂಡಿದ್ದ ಆ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅಕ್ಕ. ಆ ಋಣ ಮಾವನವರಿಗೆ ಗೊತ್ತಿತ್ತು.

ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಅವರ ಒಂದು ಮಾತು. ಮಧ್ಯಾಹ್ನ ಅಂಗಡಿಯಿಂದ ಬಂದು, ಕಾಲು ತೊಳೆದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಕೇಳುತ್ತಿದ್ದರು: "ಅಕ್ಕ ಉಂಡೈತೇನು?"

ಒಳಗಿನಿಂದ ಅಕ್ಕನೇ ಉತ್ತರ ಕೊಡುತ್ತಿದ್ದರು: "ಉಂಡೈತಪಾ, ನೀ ಉಣ್ಣು."

ಅದಾದ ಮೇಲೆಯೇ ಮಾವನವರು ಮಣೆಯ ಮೇಲೆ ಕೂಡುತ್ತಿದ್ದರು.

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇಲ್ಲಿ ಒಂದು ಸಂಗತಿ ಹೇಳಬೇಕು. ನಾವು ಮನೆಯ ಹೆಣ್ಣುಮಕ್ಕಳನ್ನು ಬಂದಳು, ಹೋದಳು ಎನ್ನುವುದು ಕಡಿಮೆ. ಬಂತು, ಹೋತು, ಉಂಡೈತಿ, ಮಲಗೈತಿ ಎನ್ನುತ್ತೇವೆ. ಮೈಸೂರು ಕಡೆಯವರು ಕೇಳಿದರೆ, ಹೆಂಗಸರೆಂದರೆ ದನಕರುವೇ ಎಂದು ನಗುತ್ತಾರೆ. ಅದು ಹಾಗಲ್ಲ. ತೊಟ್ಟಿಲ ಕೂಸಿಗೆ ಆಡಿದ ಮಾತನ್ನು ಅದು ಮುದುಕಿಯಾದರೂ ನಾವು ಬಿಡುವುದಿಲ್ಲ, ಅಷ್ಟೇ. ಉಂಡಾರ, ಬಂದಾರ ಎಂಬುದು ಹೊರಗಿನವರಿಗೆ, ಬೀಗರಿಗೆ. ಆದರೆ ಇದರಲ್ಲಿ ಒಂದು ತೊಡಕಿದೆ. ಅಕ್ಕನಿಗೂ ಐತಿ, ಎಮ್ಮೆಗೂ ಐತಿ, ಮೋಟಾರಿಗೂ ಐತಿ.

ಮೋಟಾರೆಂದರೆ ಮಾವನವರದೇ. ಅರಳೆಯ ವ್ಯಾಪಾರ ಸ್ವಲ್ಪ ಕೈ ಹಿಡಿದಾಗ, ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ಮೋಟಾರನ್ನು ಅವರು ತಂದಿದ್ದರು. ಡ್ರೈವರ ಇಮಾಮಸಾಬ ಅದರ ಸಂಗಡವೇ ಬಂದವನು. ಮೊದಲಿನ ಮಾಲಕರು ಬೇಸಿಗೆಗೆಂದು ಒಳಗೆ ಒಂದು ಪುಟ್ಟ ಪಂಖಾ ಹಾಕಿಸಿದ್ದರು, ರೊಟ್ಟಿಗಿಂತ ಸಣ್ಣದು. ಗಜೇಂದ್ರಗಡದಲ್ಲಿ ಮನೆಗಳಿಗೇ ಪಂಖಾ ಇಲ್ಲದ ಕಾಲದಲ್ಲಿ ಮೋಟಾರಿನೊಳಗೆ ಪಂಖಾ! ನೋಡಲು ಜನ ಬರುತ್ತಿದ್ದರು. ಬ್ಯಾಟರಿ ಹಳೆಯದಾದ್ದರಿಂದ ಇಂಜಿನ್ ನಡೆಯುತ್ತಿದ್ದರೆ ಮಾತ್ರ ಅದು ತಿರುಗುತ್ತಿತ್ತು. ಇಂಜಿನ್ ಆದರೂ ಎಂಥದು? ಒಮ್ಮೆ ಬಂದಾದರೆ ಮತ್ತೆ ಏಳಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕು, ಒಮ್ಮೊಮ್ಮೆ ಅದಕ್ಕೂ ಬಗ್ಗದೆ ಮುಷ್ಕರ ಹೂಡುತ್ತಿತ್ತು. ಆದ್ದರಿಂದ ಇಮಾಮಸಾಬ ಸಾಧ್ಯವಾದಷ್ಟು ಅದನ್ನು ಬಂದ್ ಮಾಡುತ್ತಲೇ ಇರಲಿಲ್ಲ. ಪೆಟ್ರೋಲು ಗದಗಿನಿಂದ ಡಬ್ಬಿಯಲ್ಲಿ ಬರಬೇಕು. ನಮ್ಮ ಕಟ್ಟೆಯ ಮುಂದೆ ದಿನಾ ಇದೇ ಜಗಳ.

"ಇಮಾಮಸಾಬ, ಬಂದ್ ಮಾಡೋ ಅದನ್ನ! ಹೋಗೂದಿಲ್ಲ, ಬರೂದಿಲ್ಲ, ಕುಂತಲ್ಲೆ ಕುಂತು ತಿಂತೈತಿ!"

"ಸಾವ್ಕಾರ್ರ, ಬಂದ್ ಮಾಡಿದ್ರ ಮತ್ತ ಏಳೂದಿಲ್ರಿ. ತಿರುವಿ ತಿರುವಿ ನನ್ನ ರಟ್ಟಿ ಬಿದ್ದುಹೋಗ್ಯಾವ. ನಿಂತಾಗ ಅದು ಅಷ್ಟೇನ ಕುಡಿಯೂದಿಲ್ಲ ಬಿಡ್ರಿ."

"ಯಾಂವ ಹೇಳಿದ ನಿನಗ? ಎತ್ತು ನಿಂತು ಮೇವು ತಿಂದ್ರ ಮೈಗೆ ಹತ್ತತೈತಿ. ಇದು ತಿಂದದ್ದೆಲ್ಲಾ ಹಿಂದಿನ ಕೊಳವ್ಯಾಗ ಹೊಗಿ ಆಗಿ ಹೋಗತೈತಿ. ಮ್ಯಾಲೆ ಪಂಖಾ ಬ್ಯಾರೆ ಬಿಟ್ಟಿ. ಅದಕ್ಕೊಂದು ಊಟ, ಇದಕ್ಕೊಂದು ಊಟ!"

ಆಗ ಒಳಗೆ ಜೋಳ ಹಸನು ಮಾಡುತ್ತಿದ್ದ ಅಕ್ಕ ಮೊರವನ್ನು ಕೆಳಗಿಟ್ಟು ಕೂಗಿ ಹೇಳುತ್ತಿದ್ದರು: "ಏ ತಮ್ಮಾ, ಅದರ ಹೊಟ್ಟಿ ಮ್ಯಾಲೆ ಯಾಕ ಕಣ್ಣ ಹಾಕತಿ? ಉಣ್ಣುವಾಗ ಯಾರಿಗೂ ಅನಬಾರದು. ಪಾಪ ಹತ್ತತೈತಿ."

ಅವರು ಎಲ್ಲವನ್ನೂ ಹೀಗೆಯೇ ಮಾತನಾಡಿಸುವವರು. ಒಲೆ ಹೊಗೆಯಾಡಿದರೆ ಅದಕ್ಕೆ ಸಿಟ್ಟು ಬಂದಿದೆ ಎಂದು ಸಮಾಧಾನ ಮಾಡುವರು. ಸಂಜೆ ಮೋಟಾರು ಕೊಟ್ಟಿಗೆಯ ಪಕ್ಕ ತಣ್ಣಗಾಗಿ ನಿಂತಾಗ ಅದರ ಮೂತಿಯ ಮೇಲೆ ಕೈಯಾಡಿಸಿ, "ದಣದೈತಿ ಪಾಪ" ಎನ್ನುವರು. ನಾವು ನಗುತ್ತಿದ್ದೆವು.

ಒಂದು ಬೇಸಿಗೆ ಅಕ್ಕನಿಗೆ ತಲೆ ತಿರುಗುವುದು ಶುರುವಾಯಿತು. ನಿಂತಲ್ಲೇ ಕಣ್ಣು ಕತ್ತಲೆ ಬರುತ್ತಿತ್ತು. ಅದೇ ಸುಮಾರಿಗೆ ಹಿರಿಯ ನಾದಿನಿಯ ಅತ್ತೆ ಮಾವ ಬಾಗಲಕೋಟೆಯಿಂದ ರೈಲಿನಲ್ಲಿ ಹೊಳೆಆಲೂರಿಗೆ ಬರುವವರಿದ್ದರು. ಮಾವನವರು ಒಂದೇ ದಾರಿಯಲ್ಲಿ ಎರಡು ಕೆಲಸ ಮುಗಿಸಲು ಹೊರಟರು. ರೋಣದಲ್ಲಿ ಅಕ್ಕನನ್ನು ಡಾಕ್ಟರರಿಗೆ ತೋರಿಸುವುದು, ಅಲ್ಲಿಂದ ಸ್ಟೇಶನ್ನಿಗೆ ಹೋಗಿ ಬೀಗರನ್ನು ಕರೆತರುವುದು. ಬೀಗತಿಯನ್ನು ಬರಮಾಡಿಕೊಳ್ಳಲು ಮನೆಯ ಸೊಸೆಯೊಬ್ಬಳು ಇರಲಿ ಎಂದು ನನ್ನನ್ನೂ ಕೂಡಿಸಿಕೊಂಡರು. ಮೋಟಾರಿನಲ್ಲಿ ನಾನು ಅಷ್ಟು ದೂರ ಹೋದದ್ದು ಅದೇ ಮೊದಲು. ಕಾಲಕಾಲೇಶ್ವರನ ಗುಡ್ಡಕ್ಕೆ ಕುಂತಲ್ಲಿಂದಲೇ ಕೈ ಮುಗಿದೆ.

ರೋಣದ ಡಾಕ್ಟರರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಎಳೆದು ನೋಡಿ, ಹೆದರುವಂಥದ್ದೇನಿಲ್ಲ ಎಂದರು. "ಅಜ್ಜೀನ ಬಿಸಲಾಗ ಬಿಡಬ್ಯಾಡ್ರಿ. ಹಸದು ಇಡಬ್ಯಾಡ್ರಿ. ಗಾಳಿ ಆಡುವಲ್ಲಿ ಕುಂಡ್ರಸ್ರಿ."

ಅದಿಷ್ಟನ್ನೂ ಮಾವನವರು ಅಕ್ಷರಶಃ ಪಾಲಿಸಿದರು. ಸ್ಟೇಶನ್ನಿನ ಹೊರಗೆ ಬೇವಿನ ನೆರಳಿಗೆ ಮೋಟಾರು ನಿಲ್ಲಿಸಿದರು. ತಾವೇ ಹೋಗಿ ಚುರುಮರಿ, ಪುಟಾಣಿ ಕಟ್ಟಿಸಿ ತಂದು ಅಕ್ಕನ ಉಡಿಗೆ ಹಾಕಿದರು.

"ತಿನ್ನು. ಪಂಖಾದ ಮುಂದ ಸರದು ಕುಂಡ್ರು. ಇಮಾಮಸಾಬ, ಬಂದ್ ಮಾಡಬ್ಯಾಡೋ. ಅಕ್ಕಗ ಗಾಳಿ ಬೇಕು. ಬೀಗರ ಮುಂದ ಹ್ಯಾಂಡಲ್ ತಿರುವೂದೂ ಬ್ಯಾಡ."

ಎರಡನೆಯ ಮಾತಿಗೂ ಕಾರಣವಿತ್ತು. ಹಿಂದಿನ ಸಲ ಬೀಗರ ಮುಂದೆಯೇ ಇಮಾಮಸಾಬ ಹ್ಯಾಂಡಲ್ ತಿರುವಿ ತಿರುವಿ ಬೆವರಿದಾಗ, ಬೀಗರು, "ನಮ್ಮ ಚಕ್ಕಡಿ ಚಲೋ ಬಿಡ್ರಿ. ಬಾಲ ಮುರದ್ರ ಎದ್ದು ಓಡತಾವ" ಎಂದಿದ್ದರು. ಆ ಮಾತು ಮಾವನವರ ಎದೆಯಲ್ಲಿ ಮುಳ್ಳಾಗಿ ಕುಂತಿತ್ತು.

ರೈಲು ಬರಲಿಲ್ಲ. ಮಾವನವರು ಪ್ಲಾಟ್‌ಫಾರ್ಮಿಗೆ ಹೋಗುವರು, ಬರುವರು. ಬಂದಾಗೊಮ್ಮೆ ಮೋಟಾರಿನ ಹಿಂದಿನ ಹೊಗೆ ನೋಡುವರು, ನನ್ನ ಕಡೆಯಿಂದ ಮುಖ ತಿರುಗಿಸಿಕೊಂಡು ಮತ್ತೆ ಹೋಗುವರು. ಪಂಖಾ ಸಣ್ಣಗೆ ತಿರುಗುತ್ತಿತ್ತು. ಅಕ್ಕನ ಹಣೆಯ ಬೆವರು ಆರಿತ್ತು. "ಸ್ವರ್ಗದಾಗ ಹಿಂಗ ಇರತೈತೇನೋ" ಎಂದು ನನಗೂ ಒಂದು ಮುಷ್ಟಿ ಚುರುಮರಿ ಕೊಟ್ಟರು. ಹೊಳೆಆಲೂರಿನ ಬಿಸಿಲಿನಲ್ಲಿ ಅವರ ಮುಖದ ಮೇಲೆ ಕಂಡ ಆ ನೆಮ್ಮದಿಯನ್ನು ಶಿವನ ಪ್ರಸಾದವೆಂದೇ ನಾನು ತಿಳಿದೆ.

ರೈಲು ಇನ್ನೂ ತಡ ಎಂದು ಸ್ಟೇಶನ್ನಿನಲ್ಲಿ ಯಾರೋ ಹೇಳಿದರಂತೆ. ಮಾವನವರು ಮೈಯೆಲ್ಲ ಬೆವರಾಗಿ ಹಿಂದಿನಿಂದ ಬಂದರು. ನಮ್ಮ ಕಿಟಕಿಯ ಬಳಿಯೇ ನಿಂತಿದ್ದ ಇಮಾಮಸಾಬನ ಮೇಲೆ ಸಿಡುಕಿದರು:

"ಎಷ್ಟೊತ್ತಿನಿಂದ ತಿನ್ನಾಕ ಹತ್ತೈತೋ ಇದು? ಕೆಲಸಿಲ್ಲ ಬೊಗಸಿಲ್ಲ, ಕುಂತಲ್ಲೆ ಕುಂತು ಬರೇ ತಿನ್ನೂದು! ಹಿಂಗ ತಿಂದ್ರ ಮನಿ ಉಳಿತೈತೇನು?"

ಅಕ್ಕನ ಮುಷ್ಟಿ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

ನಾನು ಅವರ ಮುಖ ನೋಡಿದೆ. ನೋಡಬಾರದಾಗಿತ್ತು. ಮಾತು ಮೋಟಾರಿಗೆ ಬಂದದ್ದು, ಅದು ನನಗೆ ಗೊತ್ತು. ದಿನಾ ನಮ್ಮ ಕಟ್ಟೆಯ ಮುಂದೆ ಕೇಳುವ ಮಾತೇ ಅದು. ಆದರೆ ಅಲ್ಲಿ ನಿಂತದ್ದು ಮೋಟಾರು, ಕುಂತವರು ಅಕ್ಕ. ತಿನ್ನುತ್ತಿದ್ದವರೂ ಅಕ್ಕ. ನನ್ನ ಕಣ್ಣು ತಾನಾಗಿಯೇ ಅವರ ಕಡೆ ಹೊರಳಿತು, ಅವರು ನನ್ನ ಕಣ್ಣನ್ನು ಕಂಡರು. "ಅದು ನಿಮಗಲ್ರಿ ಅಕ್ಕಾರ, ಮೋಟಾರಿಗೆ" ಎಂದು ಹೇಳಿಬಿಡಬಹುದಿತ್ತು. ಹಾಗೆಂದರೆ, ಆ ಮಾತು ನಿಮಗೂ ಒಪ್ಪುತ್ತದೆಂದು ನನಗೆ ಹೊಳೆಯಿತು ಎಂದು ಒಪ್ಪಿಕೊಂಡ ಹಾಗೆ. ನಾಲಗೆ ಏಳಲಿಲ್ಲ.

ಅಕ್ಕ ಚುರುಮರಿಯನ್ನು ಮತ್ತೆ ಕಾಗದಕ್ಕೆ ಸುರಿದು, ಸುತ್ತಿ, ಸೀಟಿನ ಮೇಲಿಟ್ಟರು. ಬಾಗಿಲು ತೆರೆದು ಕೆಳಗಿಳಿದು ಬೇವಿನ ಬೊಡ್ಡೆಯ ಬಳಿ ಹೋಗಿ ನಿಂತರು. ಇಮಾಮಸಾಬ ಇಂಜಿನ್ ಬಂದ್ ಮಾಡಿದ. ಪಂಖಾ ಎರಡು ಸುತ್ತು ತಿರುಗಿ ನಿಂತಿತು.

"ಅಕ್ಕಾ, ಯಾಕ ಇಳದಿ?" ಎಂದರು ಮಾವನವರು. ಅವರಿಗೆ ಇನ್ನೂ ಏನೂ ತಿಳಿದಿರಲಿಲ್ಲ.

"ಕುಂತು ಕುಂತು ಕಾಲು ಜೋಮು ಹಿಡದಾವಪಾ."

ಆಮೇಲೆ ರೈಲು ಬಂತು, ಬೀಗರು ಬಂದರು. ನಮಸ್ಕಾರ, ಕುಶಲ ಎಲ್ಲ ಮುಗಿಸಿ ಮೋಟಾರಿನ ಬಳಿ ಬಂದರೆ, ಹೇಳಬೇಕೇ, ಅದು ಏಳಲಿಲ್ಲ. ಇಮಾಮಸಾಬ ತಿರುವಿದ್ದೇ ತಿರುವಿದ್ದು. ಬೀಗರು ಮೀಸೆಯಡಿ ನಗುತ್ತ, "ಏನ್ರಿ ಬೀಗರ, ಬಾಲ ಮುರದು ನೋಡೂಣೇನ್ರಿ?" ಎಂದರು. ಕಡೆಗೆ ತಳ್ಳುವುದೇ ಎಂದಾಯಿತು. ಮಾವನವರು ರುಮಾಲು ಸರಿಮಾಡಿಕೊಂಡು ಹಿಂದಕ್ಕೆ ಹೋಗುವಷ್ಟರಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೋಟಾರಿನ ಬೆನ್ನಿಗೆ ಕೈ ಕೊಟ್ಟು ನಿಂತಿದ್ದರು.

"ಅಕ್ಕಾ, ನೀ ಸರದು ನಿಲ್ಲು. ಡಾಕ್ಟರ್ ಏನಂದಾರ? ಬಿಸಲಾಗ ಬ್ಯಾಡ."

"ಇರಲಿ ಬಿಡಪಾ" ಎಂದರು ಅಕ್ಕ. ಎಲ್ಲರಿಗೂ ಕೇಳುವ ಹಾಗೆ ಎಂದರು. "ಕುಂತು ತಿಂದದ್ದು ಕರಗಬೇಕಲ್ಲ."

ಬೀಗತಿ ನಕ್ಕರು. "ಅಕ್ಕಾರ ಮಾತು ಭಾಳ ಚಂದ" ಎಂದರು. ಮಾವನವರು ಮಾತ್ರ ನಗಲಿಲ್ಲ. ಮೋಟಾರನ್ನು ನೋಡಿದರು, ಅಕ್ಕನನ್ನು ನೋಡಿದರು, ಆಮೇಲೆ ಇಮಾಮಸಾಬನನ್ನು ನೋಡಿದರು. ತಾವು ಅಂದದ್ದು ಯಾರ ಕಿವಿಗೆ ಬಿದ್ದಿದೆ ಎಂಬುದು ಅವರಿಗೆ ಆಗ ಹೊಳೆಯಿತು. ಏನಾದರೂ ಹೇಳುತ್ತಾರೆಂದು ಕಾದೆ. ಬೀಗರು ಎದುರಿಗಿದ್ದರು. ಮಾವನವರು ಬಗ್ಗಿ ತಳ್ಳಿದರು.

ಮೋಟಾರು ಎದ್ದಿತು. ಗಜೇಂದ್ರಗಡದವರೆಗೂ ಅಕ್ಕ ಸೀಟಿನ ಮೇಲೆ ಕೂಡಲಿಲ್ಲ. ಬೀಗರಿಗೆ ಇಕ್ಕಟ್ಟಾಗುತ್ತದೆಂದು ಹೇಳಿ, ಅವರ ಗಂಟುಗಳ ಸಂಗಡ ಕೆಳಗೆ ಕುಂತುಕೊಂಡರು. ಸೀಟಿನ ಮೇಲಿದ್ದ ಚುರುಮರಿ ಪೊಟ್ಟಣ ನನ್ನ ಉಡಿಗೆ ಬಂತು. ಮನೆಗೆ ಬಂದು ಅದನ್ನು ಎಮ್ಮೆಗೆ ಹಾಕಿದೆ.

ಆ ರಾತ್ರಿಯಿಂದ ಅಕ್ಕ ನಿಂತು ಉಣ್ಣತೊಡಗಿದರು.

ಕೇಳಿದರೆ, "ಮಣಕಾಲು ಬಿಗದಾವ, ಕುಂತ್ರ ಏಳಾಕ ಬರೂದಿಲ್ಲ" ಎನ್ನುವರು. ಜೋಳ ಹಸನು ಮಾಡಲು ಕೂಡುತ್ತಿದ್ದರು. ಬೀಸುವಕಲ್ಲಿನ ಮುಂದೆ ಕೂಡುತ್ತಿದ್ದರು. ಕೆಲಸಕ್ಕೆ ಮಡಚುತ್ತಿದ್ದ ಮಣಕಾಲು ಊಟಕ್ಕೆ ಮಾತ್ರ ಮಡಚುತ್ತಿರಲಿಲ್ಲ. ಅತ್ತ ಮಾವನವರು ಅಂಗಡಿಗೆ ಹೊರಟರೆ, ಇತ್ತ ಅವರು ಎಮ್ಮೆಯ ಮೈ ತೊಳೆಯುವರು, ಸಗಣಿಯ ಕುಳ್ಳು ತಟ್ಟುವರು, ಒಣಗಿದ್ದನ್ನು ಒಟ್ಟುವರು. ನನ್ನ ಅತ್ತೆಯವರು ತಾವು ಉಣ್ಣುತ್ತ ಕುಂತಲ್ಲಿಂದಲೇ, "ಕುಂತು ಉಣ್ರಿ, ನಿಂತು ಉಂಡ್ರ ಉಂಡದ್ದು ಕಾಲಿಗೆ ಇಳಿತೈತಿ" ಎನ್ನುವರು. ಅಷ್ಟೇ. ಅದಕ್ಕಿಂತ ಮುಂದಕ್ಕೆ ಯಾರೂ ಹೋಗಲಿಲ್ಲ. ಸ್ಟೇಶನ್ನಿನ ಮಾತು ಅಷ್ಟೊತ್ತಿಗೆ ಮನೆಗೆಲ್ಲ ತಿಳಿದಿತ್ತು; ನನಗಾದದ್ದೇ ಎಲ್ಲರಿಗೂ ಆಗಿತ್ತು. ಅದು ಮೋಟಾರಿಗೆ ಅಂದದ್ದು ಎಂದು ಬಾಯಿಬಿಟ್ಟು ಹೇಳಲು ಯಾರಿಗೂ ಮುಖವಿರಲಿಲ್ಲ.

ಮಾವನವರು ಮಾತ್ರ ಸುಮ್ಮನಿರಲಿಲ್ಲ ಎನ್ನಬೇಕು. ಮರುದಿನ ಮಧ್ಯಾಹ್ನ ಕಾಲು ತೊಳೆದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಎಂದಿನ ಮಾತು ಬರುತ್ತದೆಂದು ನಾವೆಲ್ಲ ಕಾದೆವು. ಅವರು ಗಂಟಲು ಸರಿಮಾಡಿಕೊಂಡು ಕೇಳಿದರು:

"ಅಕ್ಕಾರು ಉಂಡಾರೇನ್ರಿ?"

ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ಅಕ್ಕ ಒಲೆಯ ಕಡೆ ಮುಖ ಮಾಡಿದ್ದರು, ಹೊರಳಲಿಲ್ಲ. ಅಲ್ಲಿಂದಲೇ, "ಉಂಡಾರಂತ ಹೇಳವಾ" ಎಂದು ನನಗೆ ಹೇಳಿದರು.

ಅಂದಿನಿಂದ ದಿನಾ ಹಾಗೆಯೇ. ಆ 'ಐತಿ'ಯಿಂದಲೇ ಕೆಟ್ಟಿತೆಂದು ಮಾವನವರು ಅದನ್ನು ನಾಲಗೆಯಿಂದಲೇ ಕಿತ್ತುಹಾಕಿದ್ದರು. ಅಕ್ಕಾರು ಬಂದ್ರೇನು, ಅಕ್ಕಾರು ಮಲಗ್ಯಾರೇನು. ಅತ್ತೆಯವರು ನನ್ನ ಹತ್ತಿರ, "ನೋಡು, ಗಂಡಸಿಗೆ ಬುದ್ಧಿ ಬಂತು. ಹಿರಿಯಾಕಿಗೆ ಮರ್ಯಾದಿ ಕೊಡಾಕ ಹತ್ಯಾರ" ಎಂದರು. ನನಗೂ ಹಾಗೆಯೇ ಅನ್ನಿಸಿತು. ಅಕ್ಕ ಒಂದು ಮಾತೂ ಬಿರುಸಾಗಿ ಆಡಲಿಲ್ಲ, ಅಳಲಿಲ್ಲ, ಓಣಿಯವರ ಮುಂದೆ ದೂರಲಿಲ್ಲ. ಸಂಜೆ ದೀಪ ಹಚ್ಚಿ ಆ ದಿನದ ಉಪಕಾರಗಳನ್ನು ಶಿವನ ಮುಂದೆ ಎಣಿಸುವುದು ನನ್ನ ರೂಢಿ. ಅಕ್ಕ ಇವತ್ತೂ ಏನೂ ಅನ್ನಲಿಲ್ಲ, ನಿನ್ನ ದಯೆ ಎಂದು ಅದನ್ನೂ ಎಣಿಸುತ್ತಿದ್ದೆ. ಎಂಥ ಉಪಕಾರವನ್ನು ದೇವರ ಲೆಕ್ಕಕ್ಕೆ ಹಚ್ಚುತ್ತಿದ್ದೆ, ನೋಡಿ.

ಒಂದು ದಿನ ಇಮಾಮಸಾಬ ಮೋಟಾರಿನ ಪಂಖಾ ಬಿಚ್ಚಿಕೊಂಡು ಅಡುಗೆಮನೆಗೆ ಬಂದ. ಒಲೆಯ ಎದುರಿನ ಗೋಡೆಗೆ ಗೂಟ ಬಡಿದು ಅದನ್ನು ಕೂಡಿಸಿದ. "ಸಾವ್ಕಾರ್ರು ಹೇಳ್ಯಾರ್ರಿ. ಅಕ್ಕಾರಿಗೆ ಗಾಳಿ ಬರಲಿ ಅಂತ."

"ಇದು ತಿರಗತೈತೇನೋ ಇಲ್ಲಿ?" ಎಂದು ನಾನು ಕೇಳಿದೆ.

"ಹ್ಯಾಂಗ ತಿರಗತೈತ್ರಿ ಅವ್ವಾರ? ನಿಮ್ಮನ್ಯಾಗ ಕರೆಂಟು ಎಲ್ಲೈತಿ? ನಾ ಹೇಳಿದೆ. 'ನೀ ಹಚ್ಚು' ಅಂದ್ರು. ಹಚ್ಚೇನಿ."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಅದನ್ನು ನೋಡಿದರು. "ಚಲೋ ಆತು" ಎಂದರು. "ಇದು ಏನೂ ತಿನ್ನೂದಿಲ್ಲ."

ಇಮಾಮಸಾಬ ತಲೆ ತಗ್ಗಿಸಿ ಹೊರಗೆ ಹೋದ. ಆ ಪಂಖಾ ಅಲ್ಲಿಯೇ ಹೊಗೆ ಹಿಡಿಯುತ್ತ ಕುಂತಿತ್ತು. ಅಕ್ಕ ದಿನಾ ಸೆರಗಿನ ತುದಿಯಿಂದ ಅದರ ಮಸಿ ಒರೆಸುತ್ತಿದ್ದರು.

ಮಳೆ ಬಿದ್ದು, ಹೊಲದಲ್ಲಿ ಹೆಸರು ಹೂವಾಗಿ, ಶ್ರಾವಣ ಬಂತು. ಸೋಮವಾರ ನಮ್ಮಲ್ಲಿ ಎಲ್ಲರೂ ಒಪ್ಪತ್ತು. ಸಂಜೆ ಪೂಜೆಯಾದ ಮೇಲೆಯೇ ಊಟ. ಅಂದು ಮಾವನವರು ಪೂಜೆ ಮುಗಿಸಿ, ಮೈಮೇಲೆ ವಿಭೂತಿ ಇದ್ದಂತೆಯೇ ಹೊಸ್ತಿಲಿಗೆ ಬಂದು ಕೇಳಿದರು: "ಅಕ್ಕಾರು ಉಂಡಾರೇನ್ರಿ?"

ಅಕ್ಕ ಆಗಷ್ಟೇ ಗಂಗಾಳ ಕೈಗೆತ್ತಿಕೊಂಡು ಗೋಡೆಗೆ ಆತು ನಿಂತಿದ್ದರು. "ಹೂಂ ಅಂತ ಹೇಳವಾ" ಎಂದರು. ಮಾವನವರು ಹೋಗಿ ಮಣೆಯ ಮೇಲೆ ಕೂಡುವಷ್ಟರಲ್ಲಿ ಗಂಗಾಳ ನೆಲಕ್ಕೆ ಬಿದ್ದ ಸಪ್ಪಳ. ಅದು ಉರುಳುತ್ತ ಹೊಸ್ತಿಲ ತನಕ ಹೋಗಿ ಮಗುಚಿತು. ಅಕ್ಕ ಗೋಡೆಗುಂಟ ಜಾರಿ ಕೆಳಗೆ ಕುಸಿದಿದ್ದರು.

ಮಾವನವರು ಓಡಿ ಬಂದು ನೆಲದ ಮೇಲೆ ಕುಂತು ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ನೀರು ಚಿಮುಕಿಸಿದೆ. ಕಣ್ಣು ಬಿಟ್ಟ ಅಕ್ಕ ಮೊದಲು ಕೇಳಿದ್ದು, "ಪ್ರಸಾದ ಚೆಲ್ಲಿತೇನು?"

"ಚೆಲ್ಲಲಿ ಬಿಡವಾ" ಎಂದರು ಮಾವನವರು. ಇಷ್ಟು ದಿನ ನಾವು ಯಾರೂ ಆಡದ ಮಾತನ್ನು ಅವರು ಆಗ ಆಡಿದರು. "ಅಕ್ಕಾ, ಆಲೂರ ಸ್ಟೇಶನ್ನಾಗ ನಾ ಅಂದದ್ದು ಮೋಟಾರಿಗೆ. ನಿನ್ನಾಣಿ ಮಾಡಿ ಹೇಳತೀನಿ, ಮೋಟಾರಿಗೆ."

"ಗೊತ್ತೈತೋ."

"ಗೊತ್ತಿತ್ತು?"

"ನನಗೇನು ಕಿವಿ ಇಲ್ಲೇನು? ದಿನಾ ಕೇಳೂ ಮಾತು. ಗಳಿಗಿ ಹೊತ್ತು ನನಗ ಅಂದಿ ಅಂತ ಅನಿಸಿತ್ತು. ಇಳದು ಬೇವಿನ ಗಿಡದ ಕೆಳಗ ನಿಂತಾಗ ತಿಳೀತು, ಮೋಟಾರಿಗೆ ಅಂತ."

"ತಿಳದ ಮ್ಯಾಲೆ ಯಾಕವಾ ಹಿಂಗ ಮಾಡಿದಿ?"

ಅಕ್ಕ ಎದ್ದು ಗೋಡೆಗೆ ಆತು ಕುಂತರು. "ಮೋಟಾರು ಯಾರ ಸಲುವಾಗಿ ತಿಂತಿತ್ತು ಹೇಳು. ನನ್ನ ಗಾಳಿ ಸಲುವಾಗಿ. ಹಂಗಾರ ತಿಂದಾಕಿ ಯಾರು?"

ಮಾವನವರು ಕೈಗೆ ಸಿಕ್ಕ ರೊಟ್ಟಿಯ ತುಂಡನ್ನು ನೆಲದಿಂದ ಎತ್ತಿ ಬದಿಗಿಟ್ಟರು.

"ಅದನ್ನೂ ನುಂಗಿದ್ದೆ ಬಿಡು" ಎಂದರು ಅಕ್ಕ. "ಒಂದೆರಡು ದಿನ ಸೆಟಗೊಂಡು ಮತ್ತ ಕುಂಡ್ರಾಕಿದ್ದೆ. ಮರುದಿನ ನೀ ಬಾಗಿಲದಾಗ ನಿಂತು ಏನಂದಿ? 'ಅಕ್ಕಾರು ಉಂಡಾರೇನ್ರಿ.' ನಿನ್ನ ಸೊಂಟದ ಮ್ಯಾಲೆ ಹೊತ್ತಾಕಿಗೆ ಅಕ್ಕಾರು! ಮನಿಯಾಕಿ ಇದ್ದೆ, ನನ್ನ ಬೀಗತಿ ಮಾಡಿಬಿಟ್ಟಿ. ಬೀಗತಿ ಮಂದಿ ಮನ್ಯಾಗ ಎಷ್ಟು ದಿನ ಅಂತ ಕುಂತು ಉಣ್ಣಬೇಕೋ?"

ದೇವರ ಕೋಣೆಯಲ್ಲಿ ಹಚ್ಚಿದ ದೀಪದ ಬೆಳಕು ಹೊಸ್ತಿಲವರೆಗೂ ಬಂದಿತ್ತು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಊರಿಗೆ ದೊಡ್ಡ ವ್ಯಾಪಾರಿ ಎನಿಸಿಕೊಂಡ ಮಾವನವರು ಚೆಲ್ಲಿದ ಪಲ್ಯದ ನಡುವೆ ಕುಂತು, ತಲೆ ಎತ್ತದೆ, ಬಾಯಿ ತೆರೆದರು.

"ಅಕ್ಕ... ಅಕ್ಕ ಉಂಡೈತೇನು?"

ಅಕ್ಕ ಅವರ ಗದ್ದ ಹಿಡಿದು ಮುಖ ಮೇಲೆತ್ತಿದರು.

"ಇಲ್ಲೋ ತಮ್ಮಾ. ಉಂಡಿಲ್ಲ ಅದು. ಹಸದೈತಿ."

ನಾನು ಎದ್ದು ಬೇರೆ ಗಂಗಾಳಕ್ಕೆ ಬಡಿಸಿದೆ. ಮಣೆ ಹಾಕಿದೆ. ಅಕ್ಕ ಅದರ ಮೇಲೆ ಕಾಲು ಮಡಚಿ ಕುಂತು, ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಉಂಡರು. ಮಣಕಾಲು ಬಿಗಿಯಲಿಲ್ಲ. ಆ ಮಣೆಯನ್ನು ಹುಡುಕಲು ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ಬೇಸಿಗೆಯಿಂದ ಶ್ರಾವಣದವರೆಗೆ ಅದು ಅಲ್ಲೇ, ಒಲೆಯ ಪಕ್ಕದ ಗೋಡೆಗೆ ಆನಿಸಿಯೇ ಇತ್ತು. ನಾನು ರೊಟ್ಟಿ ತಟ್ಟುತ್ತ ಕುಂತಲ್ಲಿಂದ ಕೈ ಚಾಚಿದರೆ ಸಿಗುತ್ತಿತ್ತು.